ಎರಡು ತಗಡುಗಳ ನಡುವಿನ ಬಯಲು

ಬೀದರ್ ಕಾಕಾ: ಎರಡು ತೆಳು ತಗಡುಗಳನ್ನು ಹತ್ತಿರ ಹಿಡಿದರೆ ಶೂನ್ಯದಿಂದಲೇ ವಿದ್ಯುತ್ ಬರುತ್ತದಂತೆ, ತಗಡು ತೆಳುವಾದಷ್ಟೂ ಶಕ್ತಿ ಹೆಚ್ಚಂತೆ. ಕಲಬುರಗಿಯ ಬೇಸಿಗೆಯಲ್ಲಿ ಕೂಲರ್ ಓಡಿಸಿ ಬಿಲ್ ಕಟ್ಟುವವರು ನಾನು ಈ ಗುಂಪಿಗೆ ಕಳುಹಿಸಿದ್ದನ್ನು ತಪ್ಪದೆ ಓದಬೇಕು.

ದೊಡ್ಡಪ್ಪ: ಬಯಲು ಬರಿದಲ್ಲವೆಂಬುದನ್ನು ಶರಣರು ಎಂದೋ ಕಂಡುಕೊಂಡಿದ್ದರು. ಇಂದಿನ ಮಕ್ಕಳಿಗೆ ಅದನ್ನು ಹೊರಗಿನವರೇ ಬಂದು ಹೇಳಬೇಕು.

ನಾನು: ದೊಡ್ಡಪ್ಪಾ, ಶರಣರ ಬಯಲು ಅನುಭವದ ಮಾತು, ಅದನ್ನು ತಗಡಿನ ಲೆಕ್ಕಕ್ಕೆ ಎಳೆಯುವುದು ಬೇಡ. ಕಾಕಾ, ಹತ್ತಿರ ಹಿಡಿದ ತಗಡುಗಳ ನಡುವೆ ಸೆಳೆತವಿರುವುದು ನಿಜ, ಬಿಲ್ಲಿನ ಮಾತು ಸುಳ್ಳು. ನಿರ್ವಾತದಲ್ಲಿಯೂ ವಿದ್ಯುತ್ಕಾಂತ ಕ್ಷೇತ್ರ ಪೂರ್ತಿ ಸುಮ್ಮನಿರುವುದಿಲ್ಲ. ಎದುರುಬದುರಾದ ಲೋಹದ ಫಲಕಗಳ ಸಂದಿಯಲ್ಲಿ ಆ ಕ್ಷೇತ್ರದ ಕೆಲವು ಅಲೆಗಳಿಗಷ್ಟೇ ಜಾಗವಿರುವುದರಿಂದ ಫಲಕಗಳು ಒಂದನ್ನೊಂದು ಸೆಳೆಯುತ್ತವೆ ಎಂದು ನೆದರ್ಲೆಂಡ್ಸಿನ ಹೆಂಡ್ರಿಕ್ ಕ್ಯಾಸಿಮಿರ್ 1948ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಸಂದಿ ಒಂದು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಇದ್ದಾಗ, ಒಂದು ಚದರ ಸೆಂಟಿಮೀಟರ್ ಫಲಕದ ಮೇಲಿನ ಸೆಳೆತ ಸುಮಾರು 13 ಮೈಕ್ರೋಗ್ರಾಂ ತೂಕದಷ್ಟು; ಅದು ಒಂದು ಜೋಳದ ಕಾಳಿನ ಸಾವಿರದಲ್ಲೊಂದು ಪಾಲೂ ಅಲ್ಲ.

ಶಹಾಬಾದ್ ಅಕ್ಕ: ನಾನು ಪೂರ್ತಿ ಓದಿಲ್ಲ, ಆದರೆ ಅಜ್ಜನ ಅಂಗಳದ ಪರಸಿಗಳು, ಆ ಚಪ್ಪಟೆ ಹಾಸುಗಲ್ಲುಗಳು, ನೆನಪಾದವು. ಮಳೆಯಲ್ಲಿ ಅಂಟಿಕೊಂಡ ಎರಡು ಪರಸಿಗಳನ್ನು ನಾವು ಮೂವರು ಎಳೆದರೂ ಬಿಡಿಸಲಾಗಲಿಲ್ಲ. ಕಾಕಾ ಹಾರೆ ಹಾಕಿ ಒಂದನ್ನು ಒಡೆದರು, ಬೈಗುಳ ತಿಂದವಳು ಮಾತ್ರ ನಾನು.

ನಾನು: ಅಕ್ಕಾ, ಅಲ್ಲಿ ಅಂಟು ಹಿಡಿದದ್ದು ಮಳೆಯ ನೀರು. ಕೈಗೆ ನುಣುಪೆನಿಸುವ ಪರಸಿಯ ಮೈಮೇಲೂ ಈ ಸೆಳೆತದ ಅಳತೆಗೆ ಗುಡ್ಡಗಳೇ ಇರುತ್ತವೆ.

ಬೀದರ್ ಕಾಕಾ: ಪರಸಿ ಒಡೆದದ್ದು ನಾನಲ್ಲ. ನಾನು ಏನು ಕಳುಹಿಸಿದರೂ ಇವನಿಗೆ ಸಾಕ್ಷಿ ಬೇಕು. ಜಾತ್ರೆಯಲ್ಲಿ ನಾನು ಕೊಂಡ ಬಿಲ್ ಇಳಿಸುವ ಡಬ್ಬಿಯನ್ನು ಹತ್ತು ಜನರೆದುರು ಬಿಚ್ಚಿದವನೂ ಇವನೇ. ಈ ಸೆಳೆತವನ್ನು ಅಳೆದವರು ಯಾರು, ಹೇಳಲಿ.

ನಾನು: ಡಬ್ಬಿಯನ್ನು ಎಲ್ಲರೆದುರು ಬಿಚ್ಚಬಾರದಿತ್ತು, ಕಾಕಾ, ಅದು ನನ್ನ ತಪ್ಪು. ಸೆಳೆತವನ್ನು ಅಮೆರಿಕದ ಸ್ಟೀವ್ ಲ್ಯಾಮೊರೊ 1997ರಲ್ಲಿ ಅಳೆದರು. ಎರಡು ಫಲಕಗಳನ್ನು ಸರಿಸಮಾನವಾಗಿ ನಿಲ್ಲಿಸುವುದು ಬಹಳ ಕಷ್ಟವಾದ್ದರಿಂದ ಅವರು ಒಂದು ಕಡೆ ಉಬ್ಬಿದ ಗಾಜಿಗೆ ಚಿನ್ನದ ಲೇಪ ಕೊಟ್ಟು ಬಳಸಿದರು. ಸಂದಿ ಅರ್ಧವಾದರೆ ಸಮತಟ್ಟು ಫಲಕಗಳ ಸೆಳೆತ 16 ಪಟ್ಟಾಗುತ್ತದೆ ಎಂಬುದು ನಿಜ, ಆದರೆ ಬಾವಿಗೆ ಬಿಟ್ಟ ಕೊಡ ಇಳಿಯುವಾಗ ಹಗ್ಗ ಎಳೆದ ಹಾಗೆಯೇ ಇದೂ. ಕೂಡಿದ ಫಲಕಗಳನ್ನು ಮತ್ತೆ ಬಿಡಿಸಲು ಕನಿಷ್ಠ ಅಷ್ಟೇ ಶಕ್ತಿಯನ್ನು ನಾವೇ ಹಾಕಬೇಕು, ಹಾಗಾಗಿ ಕೂಲರಿಗೆ ಏನೂ ಉಳಿಯುವುದಿಲ್ಲ. ತೆಳು ತಗಡಿನ ಮಾತಂತೂ ತಲೆಕೆಳಗು: ಲೋಹದ ಲೇಪ ಕೆಲವೇ ನ್ಯಾನೋಮೀಟರಿಗೆ ಇಳಿದರೆ ಅಲೆಗಳು ಅದನ್ನು ದಾಟಿ ಹೋಗುತ್ತವೆ, ಸೆಳೆತ ಕಡಿಮೆಯಾಗುತ್ತದೆ.

ದೊಡ್ಡಪ್ಪ: ಹಿರಿಯರ ಹತ್ತಿರ ತಪ್ಪು ಒಪ್ಪಿಕೊಂಡದ್ದು ಒಳ್ಳೆಯದು. ಉಳಿದದ್ದನ್ನು ನಾನು ಓದಿಲ್ಲ.

ಬೀದರ್ ಕಾಕಾ: ಆ 1997ರ ವಿವರವನ್ನು ನನಗೊಬ್ಬನಿಗೇ ಕಳುಹಿಸು, ಗುಂಪಿನಲ್ಲಿ ಬೇಡ. ಪರಸಿ ಒಡೆದದ್ದು ನಾನಲ್ಲ.