ಬೇಕರಿಯ ಹೆಸರು ಕೆಡಿಸಿದ್ದಾರೆ, ಏನು ಮಾಡಲಿ? ಅನುಭವ ಇದ್ದವರು ಹೇಳಿ

ಕೇಳಿದವರು: ನಮ್ಮ ಕೇಕಿಗೆ ಕೆಟ್ಟ ಬಣ್ಣ ಹಾಕುತ್ತೇವೆ ಅಂತ ಯಾರೋ ವಿಡಿಯೊ ಮಾಡಿ ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಬಿಟ್ಟಿದ್ದಾರೆ. ಬರ್ತ್‌ಡೇ ಆರ್ಡರ್ ನಿಂತೇ ಹೋಗಿವೆ. ಉತ್ತರ ಕೊಡಲಾ, ಕೇಸ್ ಹಾಕಲಾ, ಸುಮ್ನೆ ಇರಲಾ?

ಹಾಸನ ಬೇಕರಿ: ನಮಗೆ 2024ರ ಅಕ್ಟೋಬರ್‌ನಲ್ಲೇ ಪೆಟ್ಟು ಬಿತ್ತು. ರಾಜ್ಯದ ಆಹಾರ ಸುರಕ್ಷತೆ ಇಲಾಖೆಯವರು 235 ಕೇಕ್ ಸ್ಯಾಂಪಲ್ ನೋಡಿದ್ದರು. 223 ಸರಿ ಇದ್ದವು, 12ರಲ್ಲಿ ಮಾತ್ರ ಬಣ್ಣದ ತೊಂದರೆ. ಟಿವಿಯವರು ಆ 12ನ್ನೇ ಹಿಡಿದುಕೊಂಡರು. ರೆಡ್ ವೆಲ್ವೆಟ್ ಕೇಳುವವರೇ ಇಲ್ಲ. ಸ್ಪಂಜು, ಕ್ರೀಮು ಸೇರಿ 18,000 ರೂಪಾಯಿ ಮಾಲು ಎಸೆದೆವು. ಲ್ಯಾಬಿಗೆ 6,500, ಬೋರ್ಡಿಗೆ 1,200. ವರದಿಯನ್ನು ಕೌಂಟರ್ ಮೇಲೆ ಅಂಟಿಸಿದ ಮೇಲೆ ಶಾಲೆಯೊಂದರ ಆರ್ಡರ್ ವಾಪಸ್ ಬಂತು. ವರದಿ ಕೈಗೆ ಬರುವ ತನಕ ಬಾಯಿ ಬಿಡಬೇಡಿ.

ಮೈಸೂರು ಗೋಬಿ: 12ಕ್ಕೇ ಇಷ್ಟು ಅಳುತ್ತೀರಾ ಸರ್? ಅದೇ ವರ್ಷ ಮಾರ್ಚ್‌ನಲ್ಲಿ 171 ಗೋಬಿ ಸ್ಯಾಂಪಲ್‌ನಲ್ಲಿ 107 ಕೆಟ್ಟವು ಅಂತ ಸರ್ಕಾರವೇ ಹೇಳಿ ಕೃತಕ ಬಣ್ಣ ನಿಷೇಧ ಮಾಡಿತು. ನಾನು ಮೊದಲಿಂದಲೂ ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕುವವನು. ಕೇಳುವವರು ಯಾರು? ಗಾಡಿಯವನು ಲ್ಯಾಬಿಗೆ ದುಡ್ಡು ಎಲ್ಲಿಂದ ತರಬೇಕು? ಗಿರಾಕಿಗಳ ಕಣ್ಣೆದುರೇ ಕಲಸಿ ಕರಿದೆ. ಅರ್ಧ ಜನ ತಿರುಗಿ ಬಂದರು. ಉಳಿದವರು ಇವತ್ತಿಗೂ ಇಲ್ಲ.

ಹಾಸನ ಬೇಕರಿ: ನಿಮ್ಮವರು ಬಣ್ಣ ಸುರಿದಿದ್ದಕ್ಕೇ ಎಲ್ಲರ ಮೇಲೂ ಅನುಮಾನ ಬಂದಿದ್ದು.

ಮೈಸೂರು ಗೋಬಿ: "ನಿಮ್ಮವರು" ಅಂತ ಸೇರಿಸಬೇಡಿ. ಟಿವಿಯವರು ನಿಮಗೆ ಮಾಡಿದ್ದೂ ಅದನ್ನೇ ಅಲ್ವಾ?

ಶಿವಮೊಗ್ಗ ಕೇಟರಿಂಗ್: ನಾನು ಕೇಸ್ ಹಾಕಿದವಳು. ನೋಟಿಸಿಗೇ 5,000 ಆಯಿತು. ಪರಿಹಾರ ಎಷ್ಟು ಕೇಳುತ್ತೀರೋ ಅದರ ಮೇಲೆ ಕೋರ್ಟ್ ಫೀ. ಒಂದು ವರ್ಷದೊಳಗೆ ದಾವೆ ಹಾಕದಿದ್ದರೆ ಕೈ ತಪ್ಪಿತು. ಕ್ರಿಮಿನಲ್ ಮಾನನಷ್ಟ ಅಂದರೆ ಭಾರತೀಯ ನ್ಯಾಯ ಸಂಹಿತೆಯ (ಐಪಿಸಿ ಬದಲು ಬಂದ ಕಾನೂನು) 356ನೇ ಕಲಂ, ಅದಕ್ಕೆ ಮ್ಯಾಜಿಸ್ಟ್ರೇಟ್ ಹತ್ತಿರ ಖಾಸಗಿ ದೂರು ಕೊಡಬೇಕು. ಠಾಣೆಗೆ ಅಲೆದು ಚಪ್ಪಲಿ ಸವೆಸಬೇಡಿ. ವಿಡಿಯೊ ಹಾಕಿದ್ದ ಹುಡುಗ ತೆಗೆದು ಕ್ಷಮೆ ಕೇಳಿದ. ನನಗೆ ಹೆಮ್ಮೆ ಇದೆ.

ತುಮಕೂರು ಹೋಟೆಲ್: ಅಕ್ಕ, ಆ ಕ್ಷಮೆಯನ್ನು ಎಷ್ಟು ಜನ ನೋಡಿದರು? ನಮ್ಮ ಮಾವ ಕೇಸ್ ಹಾಕಿದ ಮೇಲೇ ಸುದ್ದಿ ಪಕ್ಕದ ತಾಲ್ಲೂಕಿಗೂ ಹಬ್ಬಿದ್ದು. ಹೋಟೆಲ್ ಮುಚ್ಚಬೇಕಾಯಿತು.

ಶಿವಮೊಗ್ಗ ಕೇಟರಿಂಗ್: ಮುಚ್ಚಿದ್ದು ಕೇಸಿನಿಂದಲಾ, ಬಾಡಿಗೆಯಿಂದಲಾ? ಹೆದರಿಸಬೇಡಿ.

ತುಮಕೂರು ಹೋಟೆಲ್: ನಮ್ಮ ಮನೆ ಲೆಕ್ಕ ನಿಮಗೆ ಬೇಡ.

ಕೇಳಿದವರು: ಲ್ಯಾಬ್ ಯಾವುದಾದರೂ ನಡೆಯುತ್ತಾ ಸರ್?

ಹಾಸನ ಬೇಕರಿ: ಎನ್‌ಎಬಿಎಲ್ ಅಂತ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಇದೆ, ಅದರ ಮಾನ್ಯತೆ ಇರಲೇಬೇಕು. ಬಣ್ಣದ ಪರೀಕ್ಷೆ ಅಂತ ಬರೆಸಿ ಕೊಡಿ. ಗೋಬಿಯವರಿಗೆ ನಾಳೆ ಉತ್ತರ ಕೊಡುತ್ತೇನೆ.