ಮಳೆ ಶುರುವಾದ ಮೇಲೆ ಇಲಿ ಮುಟ್ಟದ ಬಾಲ್ ಪೈಥಾನ್: ನಿಮ್ಮಲ್ಲಿ ಹೇಗೆ?

ಕೇಳುತ್ತಿರುವುದು ಉಡುಪಿಯ ಕುಂಜಿಬೆಟ್ಟಿನಿಂದ:

ಹಾವು ಸಾಕಿದವರು ಯಾರಾದ್ರೂ ಇದ್ದರೆ ಸ್ವಲ್ಪ ಹೇಳಿ ಮಾರಾಯ್ರೆ. ನನ್ನ ಹತ್ತಿರ ಒಂದು ಗಂಡು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು) ಉಂಟು. ಬೇಸಿಗೆಯಲ್ಲಿ ಇಲಿ ತೋರಿಸಿದ ಕೂಡಲೇ ಹಾರಿ ಹಿಡಿಯುತ್ತಿತ್ತು. ಮಳೆ ಶುರುವಾದದ್ದೇ ತಡ, ವರಸೆಯೇ ಬದಲಾಯಿತು. ಹತ್ತಿರ ಬರುತ್ತದೆ, ನಾಲಿಗೆ ಆಡಿಸುತ್ತದೆ, ಆಮೇಲೆ ತಲೆಯನ್ನು ತನ್ನದೇ ಸುರುಳಿಯೊಳಗೆ ತೂರಿಸಿ ಕೂತುಬಿಡುತ್ತದೆ. ಮೊನ್ನೆ ಒಮ್ಮೆ ಹಿಡಿದು ಸುತ್ತಿಯೂ ಸುತ್ತಿತು. ಎಷ್ಟೋ ಹೊತ್ತು ಹಾಗೇ ಇಟ್ಟುಕೊಂಡು ಕೊನೆಗೆ ನುಂಗದೆ ಬಿಟ್ಟು ಹೋಯಿತು. ನಾನು ಕೊಡುವುದು ಫ್ರೀಜರ್‌ನಲ್ಲಿಟ್ಟ ಬಿಳಿ ಇಲಿ. ಸತ್ತದ್ದನ್ನು ಯಾಕೆ ಸುತ್ತಿ ಹಿಂಡುವುದು ಅಂತಲೇ ಅರ್ಥ ಆಗುವುದಿಲ್ಲ. ಕಾಯಿಲೆಯಾ, ಹಠವಾ? ಅಮ್ಮ ಬೇರೆ ದಿನಾ “ಪಾಪ, ಒಂದು ಲೋಟ ಹಾಲಾದ್ರೂ ಇಡು” ಅಂತಿದ್ದಾರೆ.

ಸುರತ್ಕಲ್‌ನಿಂದ:

ಮೊದಲು ಗಾಬರಿ ಬಿಡಿ. ಬಾಲ್ ಪೈಥಾನ್ ಉಪವಾಸಕ್ಕೆ ಹೆಸರು ಹೋದ ಜಾತಿ. ತಿಂಗಳುಗಟ್ಟಲೆ ಬಾಯಿ ತೆರೆಯದೆ ಇದ್ದು, ಒಂದು ದಿನ ಏನೂ ಆಗದವರ ಹಾಗೆ ತಿನ್ನಲು ಶುರು ಮಾಡುತ್ತದೆ. ಪ್ರಾಯಕ್ಕೆ ಬಂದ ಗಂಡಿನಲ್ಲಿ ಇದು ಜಾಸ್ತಿ.

ಸತ್ತ ಇಲಿಯನ್ನು ಸುತ್ತುವುದು ವಿಚಿತ್ರವೇ ಅಲ್ಲ. ಕಚ್ಚಿದ ಕೂಡಲೇ ಸುತ್ತುವುದು ಅದಕ್ಕೆ ಹುಟ್ಟಿನಿಂದ ಬಂದದ್ದು. ಜೀವ ಉಂಟಾ ಇಲ್ವಾ ಅಂತ ವಿಚಾರಿಸಿ ಸುತ್ತುವುದಿಲ್ಲ. ಹೀಗೇ ಸುತ್ತಿ ಹಿಂಡುವ ಬೋವಾ ಹಾವುಗಳ ಮೇಲೆ ಒಂದು ಚಂದದ ಪರೀಕ್ಷೆ ನಡೆದಿದೆ. ಸತ್ತ ಇಲಿಯೊಳಗೆ ಬಡಿಯುವ ಕೃತಕ ಹೃದಯ ಇಟ್ಟು ಕೊಟ್ಟರು. ಬಡಿತ ಇದ್ದಷ್ಟು ಹೊತ್ತು ಹಾವು ಜಾಸ್ತಿ ಹಿಂಡಿತು, ನಿಂತ ಮೇಲೆ ಬೇಗ ಸಡಿಲ ಬಿಟ್ಟಿತು. ನಿಮ್ಮದೂ ಅದೇ ಕುಲದ ಕಸುಬು ಮಾಡುತ್ತಿದೆ ಅಷ್ಟೆ.

ಸುತ್ತಿದ ಮೇಲೂ ನುಂಗದ್ದಕ್ಕೆ ನನ್ನ ಅನುಮಾನ ಇಲಿಯ ಬಿಸಿಯ ಮೇಲೆ. ನಿಮ್ಮ ಹಾವಿನ ಮೇಲ್ದುಟಿಯನ್ನು ಟಾರ್ಚ್ ಹಾಕಿ ನೋಡಿ. ಸಾಲಾಗಿ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಬಿಸಿ ಗುರುತಿಸುವುದು ಅದರಲ್ಲೇ. ಕತ್ತಲೆಯಲ್ಲಿ ಅದಕ್ಕೆ ಇಲಿ ಅಂದರೆ ಬಿಸಿ ಇರುವ ಒಂದು ವಸ್ತು. ತಣ್ಣಗಿನ ಇಲಿ ಎದುರಿಗಿದ್ದರೂ ಅದರ ಲೆಕ್ಕದಲ್ಲಿ ಊಟ ಅಲ್ಲ. ನಾನು ಮಾಡುವುದು ಹೀಗೆ: ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಇಡುತ್ತೇನೆ. ಕೊಡುವ ಹೊತ್ತಿಗೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಬಿಗಿದು, ಬಿಸಿನೀರಿನಲ್ಲಿ ಮುಳುಗಿಸುತ್ತೇನೆ. ಕುದಿಯುವ ನೀರು ಬೇಡ, ಹೊಟ್ಟೆ ಒಡೆಯುತ್ತದೆ. ಮೈಕ್ರೋವೇವ್ ಅಂತೂ ಬೇಡವೇ ಬೇಡ. ತೆಗೆದ ಮೇಲೆ ಹೊಟ್ಟೆ ಒತ್ತಿ ನೋಡಿ, ಒಳಗೆ ಗಟ್ಟಿ ತಣ್ಣಗಿನ ಗಂಟು ಇರಬಾರದು. ಕೊನೆಗೆ ತಲೆಯನ್ನು ಮಾತ್ರ ಇನ್ನೊಮ್ಮೆ ಬಿಸಿನೀರಿಗೆ ಹಿಡಿಯುತ್ತೇನೆ. ತಲೆ ಸುಮಾರು 38–40 ಡಿಗ್ರಿ ಇದ್ದರೆ ಹಾವು ಅಲ್ಲಿಗೇ ಗುರಿ ಇಡುತ್ತದೆ. ಮಧ್ಯ ಹೊಟ್ಟೆಗೆ ಕಚ್ಚಿದರೆ ಆಮೇಲೆ ತಲೆ ಎಲ್ಲಿ ಅಂತ ಹುಡುಕುತ್ತಾ ಇರುತ್ತದೆ, ಅಷ್ಟರಲ್ಲಿ ಇಲಿ ತಣಿದು ಆಸಕ್ತಿಯೂ ಹೋಗುತ್ತದೆ. ನಿಮ್ಮಲ್ಲಿ ಮೊನ್ನೆ ಆದದ್ದು ಇದೇ ಇರಬಹುದು. ಕೊಡುವಾಗ ಉದ್ದದ ಇಕ್ಕುಳ ಇರಲಿ. ಬಿಸಿ ಕೈ ಕೂಡ ಅದಕ್ಕೆ ಇಲಿಯೇ.

ಇನ್ನು ಪೆಟ್ಟಿಗೆಯ ಬಿಸಿ. ಮಳೆಗಾಲದ ರಾತ್ರಿ ನಮ್ಮ ಕರಾವಳಿಯಲ್ಲಿ 23–24 ಡಿಗ್ರಿಗೆ ಇಳಿಯುತ್ತದೆ. ನಮಗೆ ಹಿತ, ಆಫ್ರಿಕಾದ ಹಾವಿಗೆ ಅಲ್ಲ. ಬಿಸಿ ಬದಿ 31–33, ತಂಪು ಬದಿ 25–27 ಬೇಕು. ಮೈ ಬಿಸಿ ಇಲ್ಲದಿದ್ದರೆ ನುಂಗಿದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಹಾಗಾಗಿ ತಿನ್ನದೆ ಇರುವುದು ಹಠ ಅಲ್ಲ, ಬುದ್ಧಿವಂತಿಕೆ ಅಂತಲೇ ನಾನು ಹೇಳುವುದು. ಹಾಸಿದ ತೆಂಗಿನ ನಾರಿನ ಪುಡಿ ಮುಷ್ಟಿಯಲ್ಲಿ ಹಿಂಡಿದಾಗ ನೀರು ಬಂದರೆ ಬದಲಾಯಿಸಿ. ಆಟಿ ತಿಂಗಳ ಮಳೆಯ ತೇವಕ್ಕೆ ಹೊಟ್ಟೆಯ ಚಿಪ್ಪು ಕೊಳೆಯುತ್ತದೆ.

ಇಲಿ ಇಟ್ಟು ಪೆಟ್ಟಿಗೆಗೆ ಬಟ್ಟೆ ಮುಚ್ಚಿ, ಲೈಟ್ ಆರಿಸಿ ಹೋಗಿ ಮಲಗಿ. ನಾವು ಬಗ್ಗಿ ನೋಡುತ್ತಾ ಕೂತರೆ ತಿನ್ನುವುದಿಲ್ಲ. ಬೆಳಿಗ್ಗೆ ಹಾಗೇ ಇದ್ದರೆ ತೆಗೆದು ಬಿಸಾಡಿ, ವಾರ ಹತ್ತು ದಿನ ಸುಮ್ನೆ ಬಿಡಿ. ದಿನಾ ಇಲಿ ಹಿಡಿದು ಮುಖದ ಮುಂದೆ ಆಡಿಸಿದರೆ ಇನ್ನೂ ಹೆದರುತ್ತದೆ.

ಕಾರ್ಕಳದಿಂದ:

ಫ್ರೀಜರ್ ಇಲಿ ಬಿಟ್ಟು ಮನೆಯ ಅಟ್ಟದ ಇಲಿ ಬೋನಿಗೆ ಹಾಕಿ ಕೊಡಿ. ಜೀವ ಇರುವುದನ್ನು ಕಂಡರೆ ತಾನಾಗಿ ತಿನ್ನುತ್ತದೆ.

ಕಂಕನಾಡಿಯಿಂದ:

ಕಾರ್ಕಳದವರೇ, ದಯವಿಟ್ಟು ಈ ಸಲಹೆ ಬೇಡ. ಅಟ್ಟದ ಇಲಿ ಪಕ್ಕದ ಮನೆಯಲ್ಲಿ ಪಾಷಾಣ ತಿಂದು ಬಂದಿರಬಹುದು, ಆ ವಿಷ ಹಾವಿನ ಹೊಟ್ಟೆಗೂ ಹೋಗುತ್ತದೆ. ಮೇಲಿಂದ ಹುಳ, ಉಣ್ಣಿ. ಮಳೆಗಾಲದಲ್ಲಿ ನಮ್ಮ ಎರಡೂ ಜಿಲ್ಲೆಯಲ್ಲಿ ಇಲಿಜ್ವರ ಇರುತ್ತದೆ, ಆ ಇಲಿಯನ್ನು ಕೈಯಲ್ಲಿ ಹಿಡಿಯುವವರು ನೀವೇ ಅಲ್ವಾ? ಜೀವಂತ ಇಲಿ ಸುಮ್ಮನೆಯೂ ಇರುವುದಿಲ್ಲ. ಹಸಿವಿಲ್ಲದ ಹಾವು ಮೂಲೆಯಲ್ಲಿ ಕೂತಿದ್ದರೆ ಇಲಿಯೇ ಅದರ ಬೆನ್ನು ಕಡಿಯುತ್ತದೆ. ಬೆನ್ನೆಲುಬು ಕಾಣುವಷ್ಟು ಕಡಿಸಿಕೊಂಡ ಹಾವು ನೋಡಿದ್ದೇನೆ.

ಕುಂಜಿಬೆಟ್ಟಿನವರಿಗೆ ನನ್ನದು ಒಂದೇ ಮಾತು: ಕ್ಯಾಲೆಂಡರ್ ನೋಡಬೇಡಿ, ತಕ್ಕಡಿ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು (ಹಾವಿಗೆ ಬೇರೆಯೇ ಇಡಿ, ಇಲ್ಲದಿದ್ದರೆ ಮನೆಯಲ್ಲಿ ಮಹಾಯುದ್ಧ). ಡಬ್ಬಿಯಲ್ಲಿ ಹಾಕಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತಿನ್ನದಿದ್ದರೂ ತೂಕ ಹೆಚ್ಚು ಕಮ್ಮಿ ಹಾಗೇ ಇದ್ದರೆ ಕಾಯಬಹುದು. ಹತ್ತನೇ ಒಂದು ಭಾಗ ಇಳಿದರೆ ಹಾವು ಗೊತ್ತಿರುವ ಡಾಕ್ಟರಿಗೆ ತೋರಿಸಿ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಸುಂಯ್ ಅನ್ನುವ ಶಬ್ದ, ವಸಡಿನಲ್ಲಿ ಕೀವು, ಇಂಥದ್ದು ಕಂಡರೆ ತೂಕಕ್ಕೂ ಕಾಯಬೇಡಿ. ಕಣ್ಣು ನೀಲಿ ಮಂಜಾಗಿದ್ದರೆ ಪೊರೆ ಬಿಡುವ ಹೊತ್ತು, ಆಗ ಹೆಚ್ಚಿನ ಹಾವುಗಳು ತಿನ್ನುವುದೇ ಇಲ್ಲ.

ತಿಂದು ವಾಂತಿ ಮಾಡಿದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವಾರ ಏನೂ ಕೊಡಬಾರದು, ಆಮೇಲೆ ಚಿಕ್ಕ ಇಲಿಯಿಂದ ಶುರು ಮಾಡಬೇಕು. ತಿಂದ ಮೇಲೆ ಎರಡು ದಿನ ಕೈಗೆತ್ತಿಕೊಳ್ಳಲೇಬಾರದು. ನೆಂಟರು ಬಂದರೂ ಸರಿ.

ಮಣಿಪಾಲದಿಂದ:

ನನ್ನದು ಕಾರ್ನ್ ಸ್ನೇಕ್ (ಅಮೆರಿಕದ ವಿಷವಿಲ್ಲದ ಹಾವು), ಅದರ ಹುಚ್ಚು ಬೇರೆ ಥರ. ಅದಕ್ಕೆ ಬಿಸಿ ಗುಳಿ ಇಲ್ಲ, ಎಲ್ಲವೂ ವಾಸನೆಯ ಮೇಲೆ. ಇಲಿಯನ್ನು ಸುತ್ತುವ ಬದಲು ಪೆಟ್ಟಿಗೆಯ ಗೋಡೆಗೆ ಒತ್ತಿ ಹಿಡಿಯುತ್ತದೆ. ಕೆಲವೊಮ್ಮೆ ಬಾಲದ ಕಡೆಯಿಂದ ನುಂಗಲು ಶುರು ಮಾಡುತ್ತದೆ. ಇಲಿಯ ಕಾಲು ಅಗಲಕ್ಕೆ ಸಿಕ್ಕಿ ಹಾವು ಒದ್ದಾಡುತ್ತದೆ, ಆದರೂ ಬಿಡುವುದಿಲ್ಲ. ಇಲಿ ಚಿಕ್ಕದಿದ್ದರೆ ಏನೂ ತೊಂದರೆ ಇಲ್ಲ, ಎಳೆಯಲು ಮಾತ್ರ ಹೋಗಬೇಡಿ.

ಒಮ್ಮೆ ತನ್ನ ಬಾಲವನ್ನೇ ಕಚ್ಚಿಕೊಂಡಿತು. ಬಾಲಕ್ಕೆ ಇಲಿಯ ವಾಸನೆ ತಾಗಿತ್ತು. ಅಮೆರಿಕದ ಕಿಂಗ್‌ಸ್ನೇಕ್ ಸಾಕುವವರಿಗೆ ಇದು ಗೊತ್ತಿರುವ ವಿಷಯ, ಆ ಜಾತಿ ಬೇರೆ ಹಾವುಗಳನ್ನೂ ತಿನ್ನುತ್ತದೆ. ಪೆಟ್ಟಿಗೆ ಅತಿ ಬಿಸಿಯಾದರೂ ಹೀಗೆ ಮಾಡುವುದುಂಟಂತೆ. ನಾನು ತಂಪು ಬದಿಗೆ ಸರಿಸಿ ಮೈಗೆ ನೀರು ಚಿಮುಕಿಸಿದೆ, ಬಿಟ್ಟಿತು.

ಬಜ್ಪೆಯಿಂದ:

ಕೋಳಿಮರಿ ಕೊಟ್ಟು ನೋಡಿದ್ದೀರಾ? ಆಫ್ರಿಕಾದ ಕಾಡಿನಲ್ಲಿ ಸಣ್ಣ ಬಾಲ್ ಪೈಥಾನ್‌ಗಳು, ಅದರಲ್ಲೂ ಗಂಡುಗಳು, ಹಕ್ಕಿಗಳನ್ನೂ ತಿನ್ನುತ್ತವೆ. ನಾನು ಇಲಿಯ ಮೂತಿಗೆ ಕೋಳಿಮರಿಯ ಪುಕ್ಕ ಉಜ್ಜಿ ಕೊಟ್ಟೆ, ತಿಂದಿತು. ಆದರೆ ಕೋಳಿಮರಿಯನ್ನೇ ರೂಢಿ ಮಾಡಿಸಬೇಡಿ, ಆಮೇಲೆ ಇಲಿ ಕಂಡರೆ ಮುಖ ತಿರುಗಿಸುತ್ತದೆ. ಹಿಕ್ಕೆಯೂ ನೀರು ನೀರಾಗಿ ನಾರುತ್ತದೆ.

ಕುಡುಪುವಿನಿಂದ:

ನಿಮ್ಮ ಅಮ್ಮನಿಗೆ ಹೇಳಿ, ನಾಗರಪಂಚಮಿಗೆ ನಾವು ತನು (ಹಾಲು, ಎಳನೀರು) ಎರೆಯುವುದು ನಾಗನ ಕಲ್ಲಿಗೆ, ಹಾವಿನ ಬಾಯಿಗಲ್ಲ. ಬಾಯಾರಿದ ಹಾವು ಹಾಲೂ ಕುಡಿಯಬಹುದು, ಆದರೆ ಅದು ಅದಕ್ಕೆ ಜೀರ್ಣ ಆಗುವುದಿಲ್ಲ. ಶುದ್ಧ ನೀರಿನ ಬೋಗುಣಿ ಸಾಕು. ನಮ್ಮ ಅತ್ತೆಯವರು ಹಾವು ಊಟ ಬಿಟ್ಟದ್ದಕ್ಕೆ ಆಶ್ಲೇಷ ಬಲಿ (ನಾಗನ ಪೂಜೆ) ಮಾಡಿಸೋಣ ಅಂದಿದ್ದರು. ಬಲಿ ಆಯಿತು, ಪೆಟ್ಟಿಗೆಯ ಅಡಿಗಿಡುವ ಕರೆಂಟಿನ ಬಿಸಿ ಹಾಸು, ಹೀಟ್ ಮ್ಯಾಟೂ ಬಂತು. ಯಾವುದರಿಂದ ತಿಂದಿತು ಅಂತ ಮನೆಯಲ್ಲಿ ಇವತ್ತಿಗೂ ಚರ್ಚೆ ಇದೆ.

ಮೂಡುಬಿದಿರೆಯಿಂದ:

ಓದುವ ಹುಡುಗರಿಗೆ ಒಂದು ಮಾತು. ತೋಟದಲ್ಲಿ ಸಿಕ್ಕಿದ ಹೆಬ್ಬಾವಿನ ಮರಿಯನ್ನು ಡಬ್ಬಿಗೆ ಹಾಕಿ “ಇದೂ ತಿನ್ನುವುದಿಲ್ಲ, ಏನು ಮಾಡುದು” ಅಂತ ಕೇಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಊರಿನ ಹೆಬ್ಬಾವು, ನಾಗರ, ಕೇರೆ ಯಾವುದನ್ನೂ ಸಾಕುವಂತಿಲ್ಲ. ಅರಣ್ಯ ಇಲಾಖೆಗೆ ತಿಳಿಸಿ. ಬಾಲ್ ಪೈಥಾನ್ ಹೊರದೇಶದ್ದು, ಆದರೂ ಲೆಕ್ಕ ಕೊಡಬೇಕು. 2022ರ ತಿದ್ದುಪಡಿ ಮತ್ತು 2024ರ ನಿಯಮದ ಮೇಲೆ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮರಿಯಾದರೂ, ಸತ್ತರೂ, ಇನ್ನೊಬ್ಬರಿಗೆ ಕೊಟ್ಟರೂ ತಿಳಿಸಬೇಕು. ಕುಂಜಿಬೆಟ್ಟಿನವರದ್ದು ಆಗಿದೆ ಅಂದುಕೊಳ್ಳುತ್ತೇನೆ.

ಮತ್ತೆ ಕುಂಜಿಬೆಟ್ಟಿನಿಂದ:

ನೋಂದಣಿ ಆಗಿದೆ. ಎಲ್ಲರಿಗೂ ಥ್ಯಾಂಕ್ಸ್. ತೂಗಿದೆ, ಬೇಸಿಗೆಯಲ್ಲಿ ಬರೆದಿಟ್ಟ ತೂಕಕ್ಕೂ ಈಗಿನದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬಿಸಿ ಬದಿಗೆ ಥರ್ಮಾಮೀಟರ್ ಇಟ್ಟರೆ 27 ತೋರಿಸುತ್ತಿದೆ! ಹೀಟ್ ಮ್ಯಾಟ್ ತರಿಸುತ್ತೇನೆ. ಅದನ್ನು ನೇರ ಪ್ಲಗ್ಗಿಗೆ ಹಾಕಿದರೆ ಸಾಕಾ?

ಸುರತ್ಕಲ್‌ನಿಂದ:

ಬೇಡ. ಥರ್ಮೋಸ್ಟಾಟ್ (ಬಿಸಿಯನ್ನು ಹದದಲ್ಲಿಡುವ ಸಾಧನ) ಇಲ್ಲದೆ ಮ್ಯಾಟ್ ಹಾಕಲೇಬೇಡಿ. ಕೆಳಗೆ ಸುಡುತ್ತಿದ್ದರೂ ಹಾವು ಎದ್ದು ಹೋಗದೆ ಅಲ್ಲೇ ಮಲಗಿರುತ್ತದೆ. ಥರ್ಮೋಸ್ಟಾಟಿನ ಬಿಸಿ ಅಳೆಯುವ ವಯರಿನ ತುದಿಯನ್ನು ಮ್ಯಾಟಿಗೂ ಪೆಟ್ಟಿಗೆಗೂ ನಡುವೆ ಟೇಪ್ ಹಾಕಿ ಅಂಟಿಸಿ, 32ಕ್ಕೆ ಇಡಿ. ಮ್ಯಾಟ್ ಪೆಟ್ಟಿಗೆಯ ಮೂರನೇ ಒಂದು ಭಾಗದ ಅಡಿಗೆ ಬಂದರೆ ಸಾಕು. ಬಿಸಿ ಸರಿಯಾಗಿ ನಿಂತ ಮೇಲೆ ವಾರ ಬಿಟ್ಟು ಇಲಿ ತೋರಿಸಿ. ಮೊದಲ ಸಲಕ್ಕೆ ಮಾಮೂಲಿಗಿಂತ ಚಿಕ್ಕದು ಕೊಡಿ.