ಪಿಕಪ್ಪಿನ ಹಿಂದಿನ ಪಾಟಾ (ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಬಲಪಡಿಸುವ ಬಗ್ಗೆ: ಅನುಭವ ಉಳ್ಳವರು ಹೇಳಿದ್ದು

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರೊಬ್ಬರ ಪ್ರಶ್ನೆ: ನಮ್ಮ ತೋಟದ ಒಣದ್ರಾಕ್ಷಿಯನ್ನು ನಮ್ಮದೇ ಪಿಕಪ್ಪಿನಲ್ಲಿ ತಾಸಗಾಂವದ ಮಾರುಕಟ್ಟೆಗೆ ಒಯ್ಯುತ್ತೇವೆ. ಒಂದು ಖೇಪಿಗೆ 15 ಕಿಲೋದ 110 ಬಾಕ್ಸ್ ಹಾಕಿದರೆ ಗಾಡಿಯ ಹಿಂಭಾಗ ಪೂರ್ತಿ ಕುಳಿತು, ತಗ್ಗು ಬಂದಲ್ಲೆಲ್ಲ ಚಾಸಿಯ ಕೆಳಗಿನ ತಡೆ ರಬ್ಬರ್ ಬಡಿಯುತ್ತದೆ. ಒಬ್ಬ ಮಿಸ್ತ್ರಿ ಎರಡು ದಪ್ಪ ಪಾಟಾ ಸೇರಿಸೋಣ ಎನ್ನುತ್ತಾರೆ, ಇನ್ನೊಬ್ಬರು ಸೆಟ್ಟನ್ನೇ ಬದಲಿಸಿ ಎನ್ನುತ್ತಾರೆ. ಯಾವುದು ಸರಿ?

ಇಳಕಲ್ಲಿನಿಂದ:

ನಮಸ್ಕಾರ. ನಾನು ಗ್ರಾನೈಟ್ ಸ್ಲ್ಯಾಬ್ ಸಾಗಿಸುವವನು. ನಿಮ್ಮ ಮೊದಲನೆಯ ಮಿಸ್ತ್ರಿ ಹೇಳಿದ ದಾರಿಯಲ್ಲೇ ಹೋಗಿ ನಷ್ಟ ಅನುಭವಿಸಿದ್ದೇನೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. 20 ಮಿಲಿಮೀಟರ್ ದಪ್ಪದ ಸ್ಲ್ಯಾಬ್ ಚದರ ಅಡಿಗೆ ಹತ್ತಿರ ಹತ್ತಿರ 5 ಕಿಲೋ ತೂಗುತ್ತದೆ. ನೋಡಲು ನಾಲ್ಕೇ ನಾಲ್ಕು ಕಲ್ಲು ಎನಿಸಿದರೂ ಗಾಡಿ ನೆಲ ಹಿಡಿಯುತ್ತದೆ. ನಾನು ಎರಡೂ ಬದಿಗೆ ಎರಡೆರಡು 10 ಮಿಲಿಮೀಟರಿನ ಪಾಟಾ ಹಾಕಿಸಿದೆ. ಮೂಲ ಪಾಟಾಗಳು 8 ಮಿಲಿಮೀಟರಿನವು. ಇಲ್ಲಿ ಅನೇಕರಿಗೆ ತಿಳಿಯದ ಲೆಕ್ಕವೊಂದಿದೆ: ಅದೇ ಅಗಲ, ಅದೇ ಉದ್ದದ ಪಾಟಾದ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 8ರಿಂದ 9ಕ್ಕೆ ಹೋದರೆ ಬಿಗಿ ಶೇಕಡಾ 42ರಷ್ಟು ಹೆಚ್ಚಾಗುತ್ತದೆ, 10ಕ್ಕೆ ಹೋದರೆ ಬಹುತೇಕ ಎರಡರಷ್ಟಾಗುತ್ತದೆ. ಆರು ಪಾಟಾದ ಕಟ್ಟಿಗೆ ಅದೇ ದಪ್ಪದ ಒಂದನ್ನು ಸೇರಿಸಿದರೆ ಮಾತ್ರ ಏರಿಕೆ ಸುಮಾರು ಆರನೇ ಒಂದು ಭಾಗದ ಆಸುಪಾಸಿನಲ್ಲಿ ಉಳಿಯುತ್ತದೆ.

ಮೊದಮೊದಲು ಗಾಡಿ ಎದೆಯೆತ್ತಿ ನಿಂತಿತು, ನನಗೂ ಸಂತೋಷವಾಯಿತು. ಆದರೆ ಖಾಲಿ ಬರುವಾಗ ಹಿಂದಿನ ಗಾಲಿಗಳು ರಸ್ತೆಯ ಮೇಲೆ ಕುಪ್ಪಳಿಸತೊಡಗಿದವು, ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಎಳೆಯುತ್ತಿತ್ತು. ಎಂಟು ತಿಂಗಳಾದ ಮೇಲೆ ಗಾಡಿ ತೊಳೆಯುವಾಗ, ಶ್ಯಾಕಲ್ (ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಕೂರುವ ಬ್ರಾಕೆಟ್ಟಿನ ಪಕ್ಕದಲ್ಲಿ ಚಾಸಿಯ ಬಣ್ಣ ಕೂದಲೆಳೆಯಷ್ಟು ಬಿರಿದು, ಆ ಗೆರೆಯಿಂದ ಕೆಂಪು ತುಕ್ಕಿನ ನೀರು ಇಳಿದಿದ್ದನ್ನು ಕಂಡೆ. ಪಾಟಾ ಬಗ್ಗದೆ ನಿಂತರೆ ತಗ್ಗಿನ ಹೊಡೆತ ಎಲ್ಲಿಗಾದರೂ ಹೋಗಲೇಬೇಕಲ್ಲ. ಅದು ಚಾಸಿಗೆ ಹೋಗಿತ್ತು. ಪಾಟಾ ಗಟ್ಟಿಯಾಯಿತೆಂದು ಹೌಸಿಂಗ್ (ಹಿಂದಿನ ಅಚ್ಚಿನ ಕವಚ), ಬೇರಿಂಗ್, ಟೈರುಗಳ ಶಕ್ತಿ ಒಂದು ಕಿಲೋದಷ್ಟೂ ಹೆಚ್ಚುವುದಿಲ್ಲ ಎಂಬುದನ್ನು ನಾನು ಅಂದು ಅರಿತೆ. ಆದ್ದರಿಂದ ಮಿಸ್ತ್ರಿಯ ಬಳಿ ಹೋಗುವ ಮೊದಲು ಕಾಟಾಕ್ಕೆ ಹೋಗಿರಿ. ತುಂಬಿದ ಗಾಡಿಯನ್ನು ತೂಗಿಸಿ, ಆರ್‌ಸಿಯಲ್ಲಿರುವ ಒಟ್ಟು ತೂಕದೊಂದಿಗೆ ಹೋಲಿಸಿ ನೋಡಿರಿ.

ವಿಜಯಪುರದ ಒಬ್ಬ ಪಾಟಾ ಮಿಸ್ತ್ರಿಯಿಂದ:

ಮೇಲಿನವರು ಹೇಳಿದ್ದು ನಿಜ. ನನ್ನ ಕಡೆಯಿಂದ ಇಷ್ಟು ಸೇರಿಸುತ್ತೇನೆ. ಗಾಡಿ ಕುಳಿತಿದ್ದಕ್ಕೆ ಭಾರವೇ ಕಾರಣವಾಗಿರಬೇಕೆಂದಿಲ್ಲ. ಖಾಲಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎರಡೂ ಬದಿಯ ಎತ್ತರವನ್ನು ಟೇಪಿನಿಂದ ಅಳೆಯಿರಿ. ಒಂದು ಬದಿ ತಗ್ಗಿದ್ದರೆ ಒಳಗಿನ ಪಾಟಾ ತುಂಡಾಗಿರಬಹುದು. ಪಾಟಾಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನ ಬಳಿ ಮುರಿದರೆ ಹೊರಗಿನಿಂದ ಕಾಣುವುದೇ ಇಲ್ಲ. ಬಿಚ್ಚಿದಾಗ ಮುರುಕಿನ ಮುಖವನ್ನು ನೋಡಿರಿ: ಅರ್ಧ ಕಂದು ತುಕ್ಕು, ಅರ್ಧ ಹೊಸ ಬೆಳ್ಳಿಯಂತೆ ಇದ್ದರೆ, ತುಕ್ಕಿನ ಭಾಗ ಬಹಳ ದಿನಗಳ ಹಿಂದೆಯೇ ಬಿರಿದಿತ್ತು ಎಂದರ್ಥ.

ಇಳಿದುಹೋದ ಹಳೆಯ ಪಾಟಾವನ್ನು ಸುತ್ತಿಗೆಯಿಂದ ಬಡಿದು ಕಮಾನು ಏರಿಸಿಕೊಡುವುದುಂಟು. ಕುಲುಮೆಯಲ್ಲಿ ಕಾಯಿಸುವುದು, ಎಣ್ಣೆಯಲ್ಲಿ ಅದ್ದಿ ಗಟ್ಟಿಗೊಳಿಸುವುದು, ಮತ್ತೆ ಹದವಾಗಿ ಕಾಯಿಸುವುದು ಇವು ಯಾವುವೂ ಇಲ್ಲದೆ ಮಾಡಿದ ಆ ಕೆಲಸ ಹೆಚ್ಚು ದಿನ ನಿಲ್ಲುವುದಿಲ್ಲ. ಪಾಟಾ ಸೇರಿಸುವುದಾದರೆ ಅದೇ ಅಗಲದ, ಅದೇ ದಪ್ಪದ ಒಂದನ್ನು ಎರಡೂ ಬದಿಗೆ ಸೇರಿಸಿ, ಕಟ್ಟು ದಪ್ಪವಾಗುವುದರಿಂದ ಉದ್ದನೆಯ ಸೆಂಟರ್ ಬೋಲ್ಟ್ ಮತ್ತು ಕಟ್ಟನ್ನು ಹೌಸಿಂಗಿಗೆ ಬಿಗಿಯುವ ಹೊಸ ಯು ಬೋಲ್ಟುಗಳನ್ನೇ ಹಾಕಿಸಿರಿ. ಒಮ್ಮೆ ಬಿಗಿದ ಹಳೆಯ ಯು ಬೋಲ್ಟ್ ಎಳೆದುಹೋಗಿರುತ್ತದೆ, ಅದನ್ನು ಮತ್ತೆ ಬಳಸುವುದನ್ನು ನಾನು ಒಪ್ಪುವುದಿಲ್ಲ. ಕೆಲವು ಪಿಕಪ್‌ಗಳಿಗೆ ಎರಡು ಮೂರೇ ಪಾಟಾ ಇರುವ, ನಡುವೆ ದಪ್ಪ, ತುದಿಗೆ ತೆಳುವಾದ ಪ್ಯಾರಬೋಲಿಕ್ ಸೆಟ್ ಬರುತ್ತದೆ. ಅದರೊಳಗೆ ಸಾದಾ ಪಾಟಾ ತುರುಕಲೇಬಾರದು.

ಮುಖ್ಯವಾದ ಇನ್ನೊಂದು ವಿಷಯವನ್ನು ಗ್ಯಾರೇಜಿನವರೇ ಮರೆಯುತ್ತಾರೆ. ಅನೇಕ ಗಾಡಿಗಳಲ್ಲಿ ಚಾಸಿಗೂ ಹಿಂದಿನ ಹೌಸಿಂಗಿಗೂ ನಡುವೆ ಒಂದು ಸಣ್ಣ ಕಡ್ಡಿ ಇದ್ದು, ಗಾಡಿ ಎಷ್ಟು ಕುಳಿತಿದೆ ಎಂಬುದನ್ನು ಅಳೆದು ಹಿಂದಿನ ಬ್ರೇಕಿಗೆ ಒತ್ತಡವನ್ನು ಹಂಚುವ ವಾಲ್ವನ್ನು ನಡೆಸುತ್ತದೆ. ಪಾಟಾ ಬಿಗಿಯಾಗಿ ಗಾಡಿ ಕುಳಿತುಕೊಳ್ಳದಿದ್ದರೆ ಆ ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿ. ಭಾರವಿದ್ದರೂ ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ. ಪಾಟಾ ಕೆಲಸವಾದ ದಿನವೇ ಅದನ್ನು ಹೊಂದಿಸಲೇಬೇಕು.

ಜಮಖಂಡಿಯಿಂದ:

ನಮ್ಮ ಗಾಡಿಗೆ ಮೇಲೆ ಹೆಲ್ಪರ್ ಪಾಟಾ ಹಾಕಿಸಿದ್ದೇವೆ. ಖಾಲಿ ಇದ್ದಾಗ ಅದು ಮುಟ್ಟುವುದಿಲ್ಲ, ಭಾರ ಬಿದ್ದು ಗಾಡಿ ಕುಳಿತ ಮೇಲಷ್ಟೇ ಹೆಗಲು ಕೊಡುತ್ತದೆ. ತೋಟದಿಂದ ಎರೆ ಹೊಲದ ದಾರಿಯಲ್ಲಿ ಹೊರಬೀಳುವವರಿಗೆ ಇದು ಒಳ್ಳೆಯದು. ಆದರೆ ಭಾರ ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿನಲ್ಲಿ, 2019ರ ತಿದ್ದುಪಡಿಯ ನಂತರ, 20,000 ರೂಪಾಯಿ ದಂಡ ಮತ್ತು ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ಇದೆ, ಹೆಚ್ಚಿನ ಮಾಲನ್ನು ದಾರಿಯಲ್ಲೇ ಇಳಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ ಮತ್ತೆ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಕಾಟಾ ಹಾಕಿಸಿದೆ. ನಾವಿಬ್ಬರು ಕುಳಿತು 3,550 ಕಿಲೋ ಬಂದಿತು. ಆರ್‌ಸಿಯಲ್ಲಿ ಒಟ್ಟು ತೂಕ 2,990 ಇದೆ. ಎಡಬದಿ ಖಾಲಿ ಇದ್ದಾಗಲೇ ಎರಡು ಬೆರಳು ತಗ್ಗಿತ್ತು, ಬಿಚ್ಚಿಸಿದರೆ ಮೂರನೆಯ ಪಾಟಾ ಸೆಂಟರ್ ಬೋಲ್ಟಿನ ಬಳಿ ತುಂಡಾಗಿತ್ತು. ಎರಡೂ ಬದಿಗೆ ಕಂಪನಿಯ ಅಳತೆಯ ಹೊಸ ಸೆಟ್ಟನ್ನೇ ಹಾಕಿಸುತ್ತಿದ್ದೇನೆ. ಇನ್ನು ಮುಂದೆ ಖೇಪಿಗೆ 70 ಬಾಕ್ಸಷ್ಟೇ ಹಾಕುವುದೆಂದು ಮನೆಯವರೊಂದಿಗೆ ಮಾತನಾಡಿ ನಿರ್ಧರಿಸಿದ್ದೇವೆ. ಯು ಬೋಲ್ಟುಗಳನ್ನು ಎಷ್ಟು ಓಡಿದ ಮೇಲೆ ಮತ್ತೆ ಬಿಗಿಸಬೇಕು?

ವಿಜಯಪುರದ ಮಿಸ್ತ್ರಿಯಿಂದ:

ಮೊದಲ ಖೇಪು ಮುಗಿಸಿ ಬಂದ ಮೇಲೆ ಒಮ್ಮೆ, ಒಂದು ಸಾವಿರ ಕಿಲೋಮೀಟರಿನ ಒಳಗೆ ಇನ್ನೊಮ್ಮೆ. ಎರಡು ಸಲವೂ ಗಾಡಿ ತನ್ನ ಗಾಲಿಗಳ ಮೇಲೆ ನಿಂತಿರಬೇಕು, ಜಾಕ್ ಮೇಲೆ ಎತ್ತಿ ಬಿಗಿಸಬೇಡಿರಿ.